ಕಂಪ್ಯೂಟರಿನಲ್ಲಿ ಕಟ್ಟುವ ನಾಳೆಯ ಊರು: ತಪ್ಪು ಕಲ್ಪನೆ ಮತ್ತು ವಾಸ್ತವ

ಮುಂಬಯಿಯಲ್ಲಿ ಬಿಲ್ಡರುಗಳು ಅರ್ಧಕ್ಕೆ ಬಿಟ್ಟ ಕಟ್ಟಡಗಳು ಕಣ್ಣಿಗೆ ಬೀಳುತ್ತವೆ. ಲ್ಯಾಪ್‌ಟಾಪುಗಳೊಳಗೆ ಅರ್ಧಕ್ಕೆ ನಿಂತ ಊರುಗಳು ಯಾರ ಕಣ್ಣಿಗೂ ಬೀಳುವುದಿಲ್ಲ. ಮಂಗಳ ಗ್ರಹದ ಮೇಲೊಂದು ಗುಮ್ಮಟದ ನಗರ, ಭೂಮಿಯ ಸುತ್ತ ತಿರುಗುವ ಕಾಲೊನಿ, ಸಮುದ್ರ ನುಂಗಿದ ಮೇಲೆ ಉಳಿದ ಮುಂಬಯಿ. ಇಂಥ ಊರುಗಳನ್ನು ತ್ರೀಡಿ ತಂತ್ರಾಂಶದಲ್ಲಿ ಕಟ್ಟಲು ಹೊರಟ ಹುಡುಗ ಹುಡುಗಿಯರು ನಮ್ಮ ಸುತ್ತ ಬೇಕಾದಷ್ಟಿದ್ದಾರೆ. ನಾಲ್ಕು ಗೋಪುರ, ಒಂದು ಸೇತುವೆ ಎದ್ದು ನಿಲ್ಲುವಷ್ಟರಲ್ಲಿ ಕೆಲಸ ನಿಂತುಹೋಗುತ್ತದೆ. ಸೋಮಾರಿತನ ಎಂದು ಬೈದು ಸುಮ್ಮನಾಗಬಹುದು, ಆದರೆ ಅದು ನಿಜವಲ್ಲ. ಈ ಕೆಲಸದ ಬಗ್ಗೆ ಹಬ್ಬಿರುವ ಕೆಲವು ನಂಬಿಕೆಗಳೇ ಅವರ ಕಾಲು ಕಟ್ಟುತ್ತವೆ.

ಇದನ್ನು ಮುಂಬಯಿಯ ಪವಾಯಿಯಲ್ಲಿ ಕೂತು ಬರೆಯಲು ಕಾರಣವಿದೆ. 1958ರಲ್ಲಿ ಶುರುವಾದ ಐಐಟಿ ಬಾಂಬೆ ಇಲ್ಲಿದೆ. ಅದರೊಳಗೆ 1969ರಿಂದ ವಿನ್ಯಾಸ ಕಲಿಸುತ್ತಿರುವ ಐಡಿಸಿ ಇದೆ. ರಾಕೆಟ್ಟಿನ ಭಾಗಗಳನ್ನು ತಯಾರಿಸುವ ಎಲ್ ಅಂಡ್ ಟಿ ಕಾರ್ಖಾನೆ ಇದೆ. ಪಕ್ಕದ ಚಾಂದಿವಲಿಯಲ್ಲಿ ಸಿನಿಮಾ ಸೆಟ್ಟುಗಳ ಸ್ಟುಡಿಯೊ, ನಡುವೆ ಒಂದು ಕೆರೆ, ಕೆರೆಯ ಆಚೆ ಗ್ರೀಕ್ ಕಂಬಗಳ ವೇಷ ತೊಟ್ಟ ಬಹುಮಹಡಿ ಬಿಲ್ಡಿಂಗುಗಳು. ನಾಳೆಯ ಊರೊಂದನ್ನು ಕಟ್ಟಲು ಬೇಕಾದ ಪಾಠವೆಲ್ಲ ಒಂದು ರಿಕ್ಷಾ ದೂರದಲ್ಲಿದೆ.

ತಪ್ಪು ಕಲ್ಪನೆ: ದೊಡ್ಡ ನಗರ ಬೇಕೆಂದರೆ ಸಾವಿರಾರು ಕಟ್ಟಡಗಳನ್ನು ಒಂದೊಂದಾಗಿ ಕಟ್ಟಬೇಕು.

ವಾಸ್ತವ: ಹಾಗೆ ಯಾರೂ ಕಟ್ಟುವುದಿಲ್ಲ, ಸಾವಿರ ಜನರಿರುವ ಸ್ಟುಡಿಯೊ ಕೂಡ. ಆ ಗ್ರೀಕ್ ಕಂಬಗಳ ಬಡಾವಣೆ, ಹಿರಾನಂದಾನಿ ಗಾರ್ಡನ್ಸ್‌ನ ಸೆಂಟ್ರಲ್ ಅವೆನ್ಯೂದಲ್ಲಿ ನಿಂತು ತಲೆ ಎತ್ತಿ ನೋಡಿ. ವಾಸ್ತುಶಿಲ್ಪಿ ಹಫೀಜ್ ಕಾಂಟ್ರಾಕ್ಟರ್ ರೂಪಿಸಿದ ಈ ಬಡಾವಣೆಯಲ್ಲಿ ಮೊದಲ ನೋಟಕ್ಕೆ ಎಷ್ಟೊಂದು ಬಗೆಯ ಕಟ್ಟಡಗಳು ಎನಿಸುತ್ತದೆ. ಸ್ವಲ್ಪ ಹೊತ್ತು ದಿಟ್ಟಿಸಿದರೆ ಗುಟ್ಟು ತಿಳಿಯುತ್ತದೆ. ಒಂದೇ ಜಾತಿಯ ಕಂಬ, ಒಂದೇ ಜಾತಿಯ ಕಮಾನು, ಬಾಲ್ಕನಿಗೆ ಅದದೇ ಕಟಕಟೆ. ಬದಲಾಗಿರುವುದು ಎತ್ತರ, ಕಟ್ಟಡ ತಿರುಗಿ ನಿಂತ ದಿಕ್ಕು, ನೆತ್ತಿಯ ಮೇಲಿನ ಅಲಂಕಾರ. ಕಂಪ್ಯೂಟರಿನಲ್ಲಿ ನಗರ ಕಟ್ಟುವವರೂ ಮೊದಲು ಇಂಥದೊಂದು ಬಿಡಿಭಾಗಗಳ ಕಿಟ್ ಮಾಡಿಕೊಳ್ಳುತ್ತಾರೆ: ಮೂರು ನಾಲ್ಕು ಬಗೆಯ ಗೋಡೆ, ಎರಡು ಬಾಗಿಲು, ಒಂದು ಮೆಟ್ಟಿಲಸಾಲು, ಪೈಪು, ಆಂಟೆನಾ, ನೀರಿನ ಟ್ಯಾಂಕು. ಅವನ್ನೇ ಜೋಡಿಸಿ ಹತ್ತಾರು ಕಟ್ಟಡ, ಆ ಕಟ್ಟಡಗಳನ್ನೇ ಜೋಡಿಸಿ ಒಂದು ಬೀದಿ, ಬೀದಿಗಳಿಂದ ಒಂದು ವಾರ್ಡು.

ಇದು ಕಂಪ್ಯೂಟರ್ ಕಾಲದ ಕುಯುಕ್ತಿಯೂ ಅಲ್ಲ. 1977ರ ‘ಸ್ಟಾರ್ ವಾರ್ಸ್’ ಚಿತ್ರದ ಮಾದರಿ ಕಲಾವಿದರು ಅಂಗಡಿಯಲ್ಲಿ ಸಿಗುವ ಯುದ್ಧಟ್ಯಾಂಕು, ಹಡಗುಗಳ ಪ್ಲಾಸ್ಟಿಕ್ ಕಿಟ್ಟುಗಳನ್ನು ಬಿಚ್ಚಿ, ಅದರ ಚೂರುಗಳನ್ನೇ ಅಂತರಿಕ್ಷ ನೌಕೆಗಳ ಮೈಗೆ ಅಂಟಿಸಿದ್ದರು.

ಒಂದೇ ಕಟ್ಟಡವನ್ನು ಸಾವಿರ ಸಲ ನಿಲ್ಲಿಸಿದರೆ ಕಂಪ್ಯೂಟರ್ ಹೇಗೆ ತಾಳಿಕೊಳ್ಳುತ್ತದೆ? ಇಲ್ಲಿ ಒಂದು ಲೆಕ್ಕ ಗೊತ್ತಿರಬೇಕು. ನಿಮ್ಮ ಕಟ್ಟಡದಲ್ಲಿ 50,000 ತ್ರಿಕೋನಗಳಿವೆ ಎನ್ನೋಣ. ಅದರ 2,000 ನಿಜವಾದ ಪ್ರತಿ ಮಾಡಿದರೆ ಹತ್ತು ಕೋಟಿ ತ್ರಿಕೋನ. ಮನೆಯ ಲ್ಯಾಪ್‌ಟಾಪ್ ಅಲ್ಲೇ ಕೈಚೆಲ್ಲುತ್ತದೆ. ಬದಲಿಗೆ ‘ಇನ್‌ಸ್ಟೆನ್ಸ್’ ಮಾಡಿದರೆ ಕಟ್ಟಡದ ಆಕಾರ ನೆನಪಿನಲ್ಲಿ ಒಂದೇ ಸಲ ಕೂರುತ್ತದೆ. ಉಳಿದ ಪ್ರತಿಯೊಂದಕ್ಕೂ ಎಲ್ಲಿ ನಿಂತಿದೆ, ಯಾವ ಕಡೆ ತಿರುಗಿದೆ, ಎಷ್ಟು ದೊಡ್ಡದು ಎಂಬ ಟಿಪ್ಪಣಿ ಮಾತ್ರ. ಬ್ಲೆಂಡರ್ ತಂತ್ರಾಂಶದಲ್ಲಿ ಈ ಎರಡಕ್ಕೂ ಇರುವ ವ್ಯತ್ಯಾಸ ಒಂದು ಕೀಲಿಯದು. ‘ಶಿಫ್ಟ್’ ಜೊತೆ ‘ಡಿ’ ಒತ್ತಿದರೆ ಹೊಸ ಪ್ರತಿ, ‘ಆಲ್ಟ್’ ಜೊತೆ ‘ಡಿ’ ಒತ್ತಿದರೆ ಅದೇ ಆಕಾರವನ್ನು ಹಂಚಿಕೊಂಡ ಪ್ರತಿ. ಈ ಒಂದು ಕೀಲಿ ತಿಳಿಯದೆ ಕೈಬಿಟ್ಟ ನಗರಗಳು ಬಹಳ ಇವೆ ಎಂಬುದು ನನ್ನ ಗುಮಾನಿ.

ಪುನರಾವರ್ತನೆಗೆ ಒಂದು ಅಪಾಯವೂ ಇದೆ. ಒಂದೇ ಕಲೆ, ಒಂದೇ ಬಿರುಕು ಎರಡು ಕಡೆ ಕಂಡರೆ ನೋಡುವವನ ಕಣ್ಣು ತಕ್ಷಣ ಹಿಡಿಯುತ್ತದೆ. ಹಿರಾನಂದಾನಿಯ ಕಟ್ಟಡಗಳನ್ನು ಬೇರೆ ಮಾಡಿರುವುದು ಒಳಗಿರುವ ಸಂಸಾರಗಳು. ಒಂದು ಬಾಲ್ಕನಿಯಲ್ಲಿ ಒಣಗುವ ಬಟ್ಟೆ, ಇನ್ನೊಂದರಲ್ಲಿ ತುಳಸಿ ಕುಂಡ, ಮತ್ತೊಂದಕ್ಕೆ ಪಾರಿವಾಳದ ಜಾಲರಿ, ಎಸಿ ಪೆಟ್ಟಿಗೆಯ ಕೆಳಗೆ ನೀರಿಳಿದ ಕಪ್ಪು ಗೆರೆ. ಅಚ್ಚಿನ ಕಟ್ಟಡವನ್ನು ಬದಲಿಸಬೇಡಿ, ಅದರ ಮೈಮೇಲೆ ಬೀಳುವ ಇಂಥ ಸಣ್ಣ ಸಾಮಾನನ್ನು ಬದಲಿಸಿ.

ತಪ್ಪು ಕಲ್ಪನೆ: ಈಗ ಗುಂಡಿ ಒತ್ತಿದರೆ ಕಂಪ್ಯೂಟರೇ ನಗರ ಕಟ್ಟಿಕೊಡುತ್ತದೆ.

ವಾಸ್ತವ: ಕಟ್ಟಿಕೊಡುತ್ತದೆ. ಆದರೆ ನೀವು ಹೇಳಿಕೊಟ್ಟ ನಿಯಮದಂತೆ. 1968ರಲ್ಲಿ ಹಂಗೇರಿ ಮೂಲದ ಜೀವವಿಜ್ಞಾನಿ ಅರಿಸ್ಟಿಡ್ ಲಿಂಡೆನ್‌ಮೇಯರ್ ಸಸ್ಯಗಳು ಕವಲೊಡೆಯುವ ಬಗೆಯನ್ನು ಕೆಲವೇ ಸೂತ್ರಗಳಲ್ಲಿ ಬರೆದರು. 2001ರಲ್ಲಿ ಯೋವ್ ಪ್ಯಾರಿಷ್ ಮತ್ತು ಪಾಸ್ಕಲ್ ಮ್ಯೂಲರ್ ಅದೇ ಸೂತ್ರಗಳನ್ನು ಹಿಗ್ಗಿಸಿ ರಸ್ತೆ ಕವಲೊಡೆಯುವಂತೆ, ನಿವೇಶನ ಸೀಳುವಂತೆ, ಕಟ್ಟಡ ಏಳುವಂತೆ ಮಾಡಿ ತೋರಿಸಿದರು. ಇಂದಿನ ಸಿಟಿ ಎಂಜಿನ್ ತಂತ್ರಾಂಶದ ಬೇರು ಅಲ್ಲಿದೆ. 2005ರ ‘ಕಿಂಗ್ ಕಾಂಗ್’ ಚಿತ್ರಕ್ಕೆ 1933ರ ನ್ಯೂಯಾರ್ಕ್ ಎದ್ದದ್ದೂ ಇಂಥ ನಿಯಮಗಳ ಪ್ರೋಗ್ರಾಮಿನಿಂದ. ಬ್ಲೆಂಡರಿಗೆ 2021ರಲ್ಲಿ ಜಿಯೋಮೆಟ್ರಿ ನೋಡ್ಸ್ ಎಂಬ ಸೌಲಭ್ಯ ಬಂದ ಮೇಲೆ ಈ ಶಕ್ತಿ ಬಿಟ್ಟಿಯಾಗಿ ಎಲ್ಲರ ಕೈಗೆ ಸಿಕ್ಕಿದೆ.

ನಿಯಮ ಎಲ್ಲಿಂದ ತರಬೇಕು? 2014ರ ‘ಬಿಗ್ ಹೀರೊ 6’ ಕಾರ್ಟೂನ್ ಚಿತ್ರದ ಕಾಲ್ಪನಿಕ ನಗರದಲ್ಲಿ ಸುಮಾರು 83,000 ಕಟ್ಟಡಗಳೂ 2,60,000 ಮರಗಳೂ ಇವೆ. ಡಿಸ್ನಿಯವರು ಅದನ್ನು ಸುಮ್ಮನೆ ಎರಚಲಿಲ್ಲ. ಸ್ಯಾನ್ ಫ್ರಾನ್ಸಿಸ್ಕೊ ನಗರದ ನಿಜವಾದ ಆಸ್ತಿ ದಾಖಲೆಗಳನ್ನು ತರಿಸಿಕೊಂಡು, ಯಾವ ನಿವೇಶನದಲ್ಲಿ ಎಷ್ಟು ಎತ್ತರದ ಕಟ್ಟಡವಿದೆ ಎಂಬುದನ್ನೇ ಬುನಾದಿ ಮಾಡಿಕೊಂಡರು. ಊರಿಗೊಂದು ತರ್ಕ ಬೇಕು, ಆ ತರ್ಕ ನೆಲದಿಂದ ಬರಬೇಕು.

ಮುಂಬಯಿಯಲ್ಲಿ ಆ ತರ್ಕವೆಂದರೆ ನೀರು. ವಿಹಾರ ಮತ್ತು ಪವಾಯಿ ಕೆರೆಗಳು ತುಂಬಿ ಹರಿದ ನೀರೇ ಮಿಠಿ ನದಿ. ಅದು ಮಾಹಿಮ್ ಖಾರಿಗೆ ಸೇರುವ ತನಕ ಊರಿನ ಅರ್ಧ ಕಥೆಯನ್ನು ತಾನೇ ಬರೆಯುತ್ತದೆ. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ಬಿದ್ದಾಗ, ನಕ್ಷೆಯಲ್ಲಿ ನದಿಯನ್ನು ಒತ್ತಿಹಾಕಿದರೂ ನೆಲದಲ್ಲಿ ಒತ್ತಿಹಾಕಲಾಗದು ಎಂಬುದು ಎಲ್ಲರಿಗೂ ಗೊತ್ತಾಯಿತು. ನಿಮ್ಮ ಕಾಲ್ಪನಿಕ ಊರಿನಲ್ಲೂ ಮೊದಲು ನೀರು ಎಲ್ಲಿಂದ ಎಲ್ಲಿಗೆ ಹೋಗುತ್ತದೆ ಎಂದು ಗೆರೆ ಎಳೆಯಿರಿ. ರಸ್ತೆ ಅದರ ಪಕ್ಕ ತಾನಾಗಿ ಬರುತ್ತದೆ, ಮನೆ ರಸ್ತೆಯ ಪಕ್ಕ ಬರುತ್ತದೆ. ಈ ಕ್ರಮ ತಲೆಕೆಳಗಾದರೆ ಎಂಥ ತಂತ್ರಾಂಶವೂ ಕೊಡುವುದು ಕಟ್ಟಡಗಳ ಗೋದಾಮನ್ನು ಮಾತ್ರ.

ಎಐ ಚಿತ್ರಗಳ ಬಗ್ಗೆಯೂ ಒಂದು ಮಾತು. ಒಂದು ಸಾಲು ಬರೆದರೆ ಬೆರಗಾಗುವ ನಗರದ ಚಿತ್ರ ಬರುತ್ತದೆ, ಸುಳ್ಳಲ್ಲ. ಕ್ಯಾಮೆರಾ ಆ ಬೀದಿಯ ಮೂಲೆ ತಿರುಗಿ ಮತ್ತೆ ಅಲ್ಲಿಗೇ ಬರಲಿ. ಮೊದಲು ಇದ್ದ ಬಾಗಿಲು ಅಲ್ಲೇ ಇರಬೇಕಲ್ಲ? ಚಿತ್ರದಲ್ಲಿ ಅದಕ್ಕೆ ಖಾತ್ರಿಯಿಲ್ಲ, ತ್ರೀಡಿ ಮಾಡೆಲ್‌ನಲ್ಲಿದೆ. ಭಾವ ಹಿಡಿಯಲು, ಬಣ್ಣ ಆರಿಸಲು ಎಐ ಚಿತ್ರ ಸಾಕು. ಅದನ್ನೇ ಊರು ಎಂದುಕೊಂಡವರ ಜೊತೆ ನಾನು ವಾದಕ್ಕೆ ಇಳಿಯುವುದಿಲ್ಲ.

ತಪ್ಪು ಕಲ್ಪನೆ: ವೈಜ್ಞಾನಿಕ ಕಲ್ಪನೆ ತಾನೇ, ಹೇಗೆ ಬೇಕಾದರೂ ಕಟ್ಟಬಹುದು.

ವಾಸ್ತವ: ಈ ಮಾತು ಕೇಳಿದಾಗೆಲ್ಲ ನನಗೆ ಕಿರಿಕಿರಿಯಾಗುತ್ತದೆ. ಕಲ್ಪನೆ ನಂಬಿಕೆ ಹುಟ್ಟಿಸುವುದೇ ಅದಕ್ಕೊಂದು ಕಟ್ಟುಪಾಡು ಇದ್ದಾಗ. ಇದಕ್ಕೆ ಒಳ್ಳೆಯ ಉದಾಹರಣೆ 1975ರ ಬೇಸಿಗೆಯದು. ಪ್ರಿನ್ಸ್‌ಟನ್‌ನ ಭೌತವಿಜ್ಞಾನಿ ಜೆರಾರ್ಡ್ ಓನೀಲ್ ಅವರ ವಿಚಾರಗಳನ್ನು ಹಿಡಿದು, ನಾಸಾದ ಏಮ್ಸ್ ಕೇಂದ್ರ ಮತ್ತು ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯ ಸೇರಿ ಬಾಹ್ಯಾಕಾಶದಲ್ಲಿ ಊರು ಕಟ್ಟುವ ಬಗ್ಗೆ ಒಂದು ಅಧ್ಯಯನ ನಡೆಸಿದವು. ಕೊನೆಗೆ ಒಪ್ಪಿದ್ದು ಉಂಗುರದ ಆಕಾರದ ಊರನ್ನು. ಸ್ಟ್ಯಾನ್‌ಫರ್ಡ್ ಟೋರಸ್ ಎಂದೇ ಅದಕ್ಕೆ ಹೆಸರು. ಉಂಗುರದ ಅಡ್ಡಳತೆ ಸುಮಾರು 1.8 ಕಿಲೋಮೀಟರ್, ಒಳಗಿನ ಕೊಳವೆಯ ಅಗಲ 130 ಮೀಟರ್, ಜನ 10,000. ನಿಮಿಷಕ್ಕೆ ಒಂದು ಸುತ್ತು ತಿರುಗಿದರೆ ಹೊರ ಅಂಚಿನಲ್ಲಿ ನಿಂತವರಿಗೆ ಭೂಮಿಯಷ್ಟೇ ತೂಕದ ಅನುಭವ. ವಿಕಿರಣದಿಂದ ಕಾಪಾಡಲು ಸುತ್ತ ಹೊದಿಸಬೇಕಾದ ಕವಚವನ್ನೂ ಸೇರಿಸಿದರೆ ಒಟ್ಟು ತೂಕ ಸುಮಾರು ಒಂದು ಕೋಟಿ ಟನ್. ಡಾನ್ ಡೇವಿಸ್, ರಿಕ್ ಗೈಡಿಸ್ ಎಂಬ ಕಲಾವಿದರು ಬಿಡಿಸಿದ ಅದರ ಚಿತ್ರಗಳು ಇಂದಿಗೂ ಹಳತಾಗಿಲ್ಲ. ಕಾರಣ, ಅವರು ಅಂಕಿಗಳನ್ನು ಚಿತ್ರ ಮಾಡಿದ್ದರು.

ಈ ಅಂಕಿಗಳನ್ನು ಪವಾಯಿಗೆ ತಂದು ನೋಡಿ. ಉಂಗುರದ ಒಳನೆಲ ಬಿಡಿಸಿ ಹಾಸಿದರೆ ಸುಮಾರು 68 ಹೆಕ್ಟೇರು, ಅಂದರೆ 165-170 ಎಕರೆ. ಐನೂರು ಎಕರೆ ದಾಟುವ ನಮ್ಮ ಐಐಟಿ ಆವರಣದ ಮೂರನೇ ಒಂದು ಪಾಲು! ಅಷ್ಟರಲ್ಲಿ ಹತ್ತು ಸಾವಿರ ಜನರ ಮನೆ, ಶಾಲೆ, ಆಸ್ಪತ್ರೆ, ಹೊಲ ಎಲ್ಲ. ಹೊಸಬರು ಬಾಹ್ಯಾಕಾಶ ನಗರವೆಂದರೆ ನೂರು ಕಿಲೋಮೀಟರಿನ ಚೆಂಡು ಮಾಡಿ, ಅದರೊಳಗೆ ಏನಿಡಬೇಕೆಂದು ತೋಚದೆ ಕೂರುತ್ತಾರೆ. ಅಳತೆ ಚಿಕ್ಕದಿದ್ದರೆ ಪ್ರತಿ ಓಣಿಗೂ ಕೆಲಸ ಸಿಗುತ್ತದೆ.

ಹಾಗೆಂದು ತೀರ ಚಿಕ್ಕದೂ ಆಗದು. 50 ಮೀಟರ್ ತ್ರಿಜ್ಯದ ಚಕ್ರದಲ್ಲಿ ಭೂಮಿಯ ತೂಕ ಬೇಕೆಂದರೆ ಅದು ನಿಮಿಷಕ್ಕೆ ನಾಲ್ಕು ಸುತ್ತಿಗಿಂತ ಜೋರಾಗಿ ತಿರುಗಬೇಕು. ಒಳಗಿನವರು ತಲೆ ಹೊರಳಿಸಿದರೆ ವಾಂತಿ ಬರಬಹುದು. 1975ರವರು ನಿಮಿಷಕ್ಕೆ ಒಂದೇ ಸುತ್ತು ಎಂದು ಕಟ್ಟು ಹಾಕಿಕೊಂಡದ್ದು ಇದಕ್ಕೇ.

ಮಾಡೆಲ್ ಮಾಡುವವರಿಗೆ ಈ ಭೌತವಿಜ್ಞಾನ ನೇರವಾಗಿ ಕಣ್ಣಿನ ವಿಷಯ. ಉಂಗುರದೊಳಗೆ ನೆಲ ಎರಡೂ ಕಡೆ ಮೇಲಕ್ಕೆ ಬಾಗುತ್ತದೆ. ನಿಮ್ಮಿಂದ 400 ಮೀಟರ್ ನಡೆದು ಹೋದರೆ ಸಿಗುವ ಮನೆ, ನೀವು ನಿಂತ ಜಾಗದಿಂದ ನೋಡಿದಾಗ ಸುಮಾರು 90 ಮೀಟರ್ ಎತ್ತರದಲ್ಲಿ, ನಿಮ್ಮ ಕಡೆಗೇ ವಾಲಿ ನಿಂತಿರುತ್ತದೆ. ಮೂವತ್ತು ಮಹಡಿಯ ಎತ್ತರ! ಇನ್ನೂ ಮುಂದೆ ನೆಲ ಚಾವಣಿಯ ಹಿಂದೆ ಮರೆಯಾಗುತ್ತದೆ. ಅಲ್ಲಿ ದಿಗಂತ ಎಂಬುದೇ ಇಲ್ಲ. ಚಪ್ಪಟೆ ಊರು ಕಟ್ಟಿ ಹಿಂದೆ ನಕ್ಷತ್ರ ಅಂಟಿಸಿದವರಿಗೆ ಈ ನೋಟ ದಕ್ಕುವುದಿಲ್ಲ. ಬ್ಲೆಂಡರಿನಲ್ಲಿ ಇದನ್ನು ಮಾಡುವಾಗ ಒಂದು ಎಚ್ಚರ: ಇಡೀ ಊರನ್ನು ಚಪ್ಪಟೆಯಾಗಿ ಕಟ್ಟಿ ಒಟ್ಟಿಗೇ ಬಗ್ಗಿಸಿದರೆ ಕಟ್ಟಡಗಳೂ ಬಾಳೆಕಾಯಿಯಂತೆ ಬಾಗುತ್ತವೆ. ನೆಲವನ್ನು ಮಾತ್ರ ಬಗ್ಗಿಸಿ, ಕಟ್ಟಡಗಳನ್ನು ಆಮೇಲೆ ಆ ನೆಲಕ್ಕೆ ಲಂಬವಾಗಿ ನೆಡಬೇಕು.

ಇನ್ನೊಂದು ಕಟ್ಟುಪಾಡು ಸಾಗಣೆಯದು. 2023ರ ಜುಲೈ 14ರಂದು ಚಂದ್ರಯಾನ-3 ಹೊತ್ತು ಏರಿದ ರಾಕೆಟ್ಟಿನ ಬೂಸ್ಟರ್ ಭಾಗಗಳು ಪವಾಯಿಯ ಎಲ್ ಅಂಡ್ ಟಿಯಲ್ಲೂ ತಯಾರಾದವು. ಆ ಬೂಸ್ಟರಿನ ಅಡ್ಡಳತೆ 3.2 ಮೀಟರ್. ಭೂಮಿಯಿಂದ ಹೋಗುವ ಪ್ರತಿ ಭಾಗವೂ ರಾಕೆಟ್ಟಿನಲ್ಲಿ ಹಿಡಿಸಬೇಕು, ಅದಕ್ಕೂ ಮೊದಲು ರಸ್ತೆಯ ಮೇಲೆ ಟ್ರೇಲರಿನಲ್ಲಿ ಹಿಡಿಸಬೇಕು. ಹಾಗಾಗಿ ಆರಂಭದ ಕಾಲದ ಕಾಲೊನಿಯನ್ನು ತೋರಿಸುವಾಗ ಬೆಸುಗೆಯಿಲ್ಲದ ಐವತ್ತು ಮೀಟರಿನ ಲೋಹದ ಗೋಡೆ ಕಂಡರೆ ಬಲ್ಲವರು ನಗುತ್ತಾರೆ. ನಾಲ್ಕೈದು ಮೀಟರಿಗೊಂದು ಕೀಲು, ಸುತ್ತ ಬೋಲ್ಟಿನ ಸಾಲು, ಮೇಲೆ ಎತ್ತಲು ಒಂದು ಕೊಕ್ಕೆ ಇರಲಿ. ಚಂದ್ರನ ಮಣ್ಣಿನಿಂದಲೇ ಅಲ್ಲೇ ಎರಕ ಹೊಯ್ದರು ಎಂಬುದು ನಿಮ್ಮ ಕಥೆಯಾದರೆ, ಎರಕದ ಗುರುತು ತೋರಿಸಿ.

ತಪ್ಪು ಕಲ್ಪನೆ: ವಿವರ ಹೆಚ್ಚಿದಷ್ಟೂ ಊರು ದೊಡ್ಡದಾಗಿ ಕಾಣುತ್ತದೆ.

ವಾಸ್ತವ: ಬಹಳ ಸಲ ಉಲ್ಟಾ ಆಗುತ್ತದೆ. ಪ್ರತಿ ಇಂಚಿಗೂ ಪೈಪು, ಪೆಟ್ಟಿಗೆ, ದೀಪ ತುರುಕಿದ ಗೋಪುರ ಒಂದು ದೊಡ್ಡ ರೇಡಿಯೋದಂತೆ ಕಾಣುತ್ತದೆ ಹೊರತು ಗೋಪುರದಂತಲ್ಲ. ಗಾತ್ರ ತಿಳಿಯುವುದು ನಮಗೆ ಅಳತೆ ಗೊತ್ತಿರುವ ವಸ್ತುಗಳಿಂದ. ಬಾಗಿಲು ಎರಡು ಮೀಟರ್ ಚಿಲ್ಲರೆ, ಕಟಕಟೆ ಸೊಂಟದೆತ್ತರ, ಮೆಟ್ಟಿಲು ಒಂದು ಗೇಣು. ಇಂಥದೊಂದು ಕ್ಯಾಮೆರಾದ ಹತ್ತಿರ ಇಟ್ಟು, ಅದೇ ಕಟಕಟೆ ದೂರದಲ್ಲಿ ಕೂದಲೆಳೆಯಾಗಿ ಕಾಣುವಂತೆ ಮಾಡಿ. ಗಾತ್ರ ತಾನಾಗಿ ಬರುತ್ತದೆ. ನಡುವೆ ದೊಡ್ಡ ಖಾಲಿ ಗೋಡೆಗಳಿರಲಿ. ಕಣ್ಣಿಗೆ ಕೂರಲು ಜಾಗ ಬೇಕು.

ಉಳಿದ ಅರ್ಧ ಕೆಲಸ ಗಾಳಿಯದು. ಚಳಿಗಾಲದ ಬೆಳಗ್ಗೆ ಜೋಗೇಶ್ವರಿ-ವಿಕ್ರೋಲಿ ಲಿಂಕ್ ರೋಡಿನಿಂದ ಕೆರೆಯ ಆಚೆ ನೋಡಿದರೆ ಹತ್ತಿರದ ಮರ ಕಡುಹಸಿರು, ಅದರಾಚೆಯ ಬಿಲ್ಡಿಂಗು ಮಸುಕು, ಹಿಂದಿನ ಗುಡ್ಡ ಬರೀ ಬೂದು ನೆರಳು. ದೂರವಾದಷ್ಟೂ ಕಪ್ಪು ತೆಳುವಾಗುತ್ತದೆ. 1982ರ ‘ಬ್ಲೇಡ್ ರನ್ನರ್’ ಚಿತ್ರದ ನಗರ ಮೇಜಿನ ಮೇಲಿನ ಮಾದರಿಯಾಗಿದ್ದರೂ ಮೈಲುಗಟ್ಟಲೆ ಹಬ್ಬಿದಂತೆ ಕಂಡದ್ದು ಸ್ಟುಡಿಯೊದೊಳಗೆ ತುಂಬಿದ ಹೊಗೆಯಿಂದ. ಮಾದರಿಗಳ ಕಾಲ ಮುಗಿಯಿತು ಎನ್ನುವವರು 2017ರ ‘ಬ್ಲೇಡ್ ರನ್ನರ್ 2049’ ನೋಡಲಿ. ವೆಟಾ ವರ್ಕ್‌ಶಾಪ್ ಅದಕ್ಕೂ ಕೈಯಿಂದಲೇ ಮಾದರಿ ಕಟ್ಟಡಗಳನ್ನು ಮಾಡಿಕೊಟ್ಟಿತ್ತು.

ತಪ್ಪು ಕಲ್ಪನೆ: ನಾಳೆಯ ಊರೆಂದರೆ ಹೊಸದು, ನುಣುಪು, ಶುಭ್ರ.

ವಾಸ್ತವ: ಯಾವ ಊರೂ ಒಂದೇ ದಿನ ಹುಟ್ಟಿದ್ದಲ್ಲ, ಹುಟ್ಟಿದ ಉದ್ದೇಶಕ್ಕೇ ಅಂಟಿಕೊಂಡು ಬದುಕಿದ್ದೂ ಇಲ್ಲ. ಪವಾಯಿ 19ನೇ ಶತಮಾನದಲ್ಲಿ ಪಾರ್ಸಿ ವರ್ತಕ ಫ್ರಾಮ್‌ಜಿ ಕಾವಸ್‌ಜಿ ಬನಾಜಿಯ ತೋಟದ ಎಸ್ಟೇಟು. 1891ರ ಹೊತ್ತಿಗೆ ಬ್ರಿಟಿಷರು ಮುಂಬಯಿಗೆ ಕುಡಿಯುವ ನೀರಿಗೆಂದು ಇಲ್ಲಿ ಅಡ್ಡಗಟ್ಟೆ ಹಾಕಿ ಕೆರೆ ಮಾಡಿದರು. ನೀರು ಕುಡಿಯಲು ಲಾಯಕ್ಕಿಲ್ಲ ಎಂದು ತಿಳಿಯಲು ಬಹಳ ಕಾಲ ಬೇಕಾಗಲಿಲ್ಲ. ಇವತ್ತು ಅದು ಕಾರ್ಖಾನೆಗಳಿಗೆ, ತೋಟಗಳಿಗೆ ಒದಗುವ ನೀರು. ಮೇಲೆ ಅಂತರಗಂಗೆಯ ಹೊದಿಕೆ. ಆಮೇಲೆ ಬಂದದ್ದು ಐಐಟಿ, ಕಾರ್ಖಾನೆಗಳು, ಕಲ್ಲಿನ ಕ್ವಾರಿಗಳು. ಕ್ವಾರಿ ತೋಡಿದ ಗುಡ್ಡದ ಮೇಲೆ ಗ್ರೀಕ್ ಕಂಬಗಳು. ಒಂದರ ಮೇಲೊಂದು ಐದು ಪವಾಯಿಗಳು, ಪ್ರತಿಯೊಂದೂ ಹಿಂದಿನದರ ಅವಶೇಷವನ್ನು ಬಳಸಿಕೊಂಡಿದೆ. ನಿಮ್ಮ ಕಾಲ್ಪನಿಕ ನಗರಕ್ಕೂ ಹೀಗೆ ಮೂರು ಪದರವಾದರೂ ಕೊಡಿ. ಮೊದಲು ಗಣಿಗಾರರ ಶಿಬಿರ, ಆಮೇಲೆ ಬಂದರು, ಈಗ ವಿಶ್ವವಿದ್ಯಾಲಯ. ಹಳೆಯ ಬಂದರಿನ ಕ್ರೇನಿಗೆ ಯಾರೋ ಬಟ್ಟೆ ಒಣಗಿಸುವ ಹಗ್ಗ ಕಟ್ಟಿರಲಿ.

ಕನ್ನಡದ ಓದುಗರಿಗೆ ಇದಕ್ಕೆ ಇನ್ನೊಂದು ಶಾಲೆಯೂ ಇದೆ, ಹಂಪಿ. ಬಂಡೆಯನ್ನು ಕಡಿಯದೆ ಅದರ ಸಂದಿಯಲ್ಲೇ ಹಾದ ದಾರಿ, ತುಂಗಭದ್ರೆಯಿಂದ ಹೊರಟು ಇಂದಿಗೂ ಹೊಲಕ್ಕೆ ನೀರುಣಿಸುವ ವಿಜಯನಗರದ ಕಾಲುವೆ, ಮಂಟಪಗಳ ಸಾಲಿನ ಬಜಾರು. ಕೇಂದ್ರದ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆಯ ‘ಡಿಜಿಟಲ್ ಹಂಪಿ’ ಯೋಜನೆಯಲ್ಲಿ ಹುಬ್ಬಳ್ಳಿಯ ಬಿವಿಬಿ ಕಾಲೇಜಿನವರೂ ಸೇರಿ ಆ ಹಾಳೂರನ್ನು ತ್ರೀಡಿಯಲ್ಲಿ ಕಟ್ಟುವ ಕೆಲಸ ಮಾಡಿದ್ದಾರೆ. ಕಳೆದುಹೋದ ಊರು ಕಟ್ಟುವವನಿಗೂ ಇನ್ನೂ ಬಾರದ ಊರು ಕಟ್ಟುವವನಿಗೂ ಬೇಕಾದ ಕೈಚಳಕ ಒಂದೇ.

ಶುಭ್ರ ನಗರದ ಕಲ್ಪನೆಯಲ್ಲಿ ನನಗೆ ಒಗ್ಗದ ಇನ್ನೊಂದು ಅಂಶವಿದೆ: ಅದನ್ನು ಗುಡಿಸುವವರು ಎಲ್ಲಿ ವಾಸಿಸುತ್ತಾರೆ ಎಂದು ಯಾರೂ ಕೇಳುವುದಿಲ್ಲ. 2024ರ ಜೂನ್ 27ರಂದು ತೆರೆಕಂಡ ನಾಗ್ ಅಶ್ವಿನ್ ಅವರ ‘ಕಲ್ಕಿ 2898 ಎಡಿ’ ಈ ಪ್ರಶ್ನೆಯನ್ನು ಕೇಳಿತ್ತು. ಕೆಳಗೆ ಧೂಳಿನ ಕಾಶಿ, ಮೇಲೆ ತಲೆಕೆಳಗಾದ ಪಿರಮಿಡ್ಡಿನಂಥ ‘ಕಾಂಪ್ಲೆಕ್ಸ್’. ನೀರು, ಹಸಿರು, ಹಣ್ಣು ಎಲ್ಲ ಮೇಲಿನವರಿಗೆ. ಕಥೆಯ ಬಗ್ಗೆ ತಕರಾರಿರಬಹುದು, ಆ ಎರಡು ನೆಲೆಗಳ ವಿನ್ಯಾಸ ಮಾತ್ರ ಸಂಭಾಷಣೆಯಿಲ್ಲದೆಯೇ ಕಥೆ ಹೇಳುತ್ತದೆ. ಅದೇ ಜೂನ್ ತಿಂಗಳ ಆರಂಭದಲ್ಲಿ, ಮಳೆ ಶುರುವಾಗುವ ಹೊತ್ತಿಗೆ, ಹಿರಾನಂದಾನಿಯ ಮಗ್ಗುಲಿನ ಜೈ ಭೀಮ್ ನಗರದಲ್ಲಿ ನೂರಾರು ಗುಡಿಸಲುಗಳನ್ನು ನೆಲಸಮ ಮಾಡಲಾಯಿತು. ಕುಟುಂಬಗಳು ಫುಟ್‌ಪಾತಿಗೆ ಬಂದವು. ಆ ಬಿಲ್ಡಿಂಗುಗಳಲ್ಲಿ ಪಾತ್ರೆ ತೊಳೆಯುವ, ಕಾವಲು ಕಾಯುವ ಕೆಲಸ ಇಂಥ ವಸತಿಗಳಿಂದ ಬಂದವರದೇ. ಇದನ್ನು ಕಂಡ ಮೇಲೆ ಊರಿನ ಮಾಡೆಲ್‌ನಲ್ಲಿ ಹಿಂಬಾಗಿಲು, ಕೆಲಸದವರ ಲಿಫ್ಟು, ಪಾಳಿ ಮುಗಿಸಿ ಕೂರುವ ಚಹಾದ ಗಾಡಿ ಇಲ್ಲದಿದ್ದರೆ ಅದು ನನಗೆ ಬಿಲ್ಡರನ ಜಾಹೀರಾತಿನಂತೆ ಕಾಣುತ್ತದೆ.

ತಪ್ಪು ಕಲ್ಪನೆ: ಒಮ್ಮೆ ಶುರು ಮಾಡಿದರೆ ಊರನ್ನು ಪೂರ್ತಿ ಕಟ್ಟಲೇಬೇಕು.

ವಾಸ್ತವ: ಚಾಂದಿವಲಿಯ ಸ್ಟುಡಿಯೊದಂಥ ಕಡೆ ಸೆಟ್ಟಿನ ಹಿಂದೆ ಹೋಗಿ ನಿಂತರೆ ಪ್ಲೈವುಡ್ಡು, ಬೊಂಬು, ಆಸರೆ ಕಟ್ಟಿಗೆ. ಕ್ಯಾಮೆರಾ ನೋಡದ್ದನ್ನು ಯಾರೂ ಕಟ್ಟುವುದಿಲ್ಲ. ಮೊದಲು ಬರೀ ಪೆಟ್ಟಿಗೆಗಳಿಂದ ಊರಿನ ಹೊರರೂಪ ಇಟ್ಟು, ಕ್ಯಾಮೆರಾ ಎಲ್ಲಿ ಎಂದು ನಿರ್ಧರಿಸಿ. ಹತ್ತಿರದ ಒಂದು ಓಣಿಗೆ ಪೂರ್ತಿ ಕೆಲಸ, ನಡುವಿನ ಸಾಲಿಗೆ ಅರ್ಧ, ದೂರದ್ದಕ್ಕೆ ಚಪ್ಪಟೆ ಚಿತ್ರ ಸಾಕು. ಆಟದಲ್ಲಿ ಓಡಾಡಬೇಕಾದ ಊರಾದರೆ ಲೆಕ್ಕ ಬೇರೆ. ಆಗಲೂ ಆಟಗಾರ ಹೋಗಲಾಗದ ಬೀದಿಯನ್ನು ಗೇಟು ಹಾಕಿ ಮುಚ್ಚಿಬಿಡುತ್ತಾರೆ.

ತಪ್ಪು ಕಲ್ಪನೆ: ಇದಕ್ಕೆ ಲಕ್ಷಗಟ್ಟಲೆ ರೂಪಾಯಿಯ ಯಂತ್ರ, ತಂತ್ರಾಂಶ, ಇಂಗ್ಲಿಷ್ ಬೇಕು.

ವಾಸ್ತವ: ‘ಚಿಕ್ಕಪ್ಪ, ಯಾವ ಗ್ರಾಫಿಕ್ಸ್ ಕಾರ್ಡ್ ತಗೊಳ್ಳಲಿ?’ ಎಂದೇ ಎಲ್ಲರ ಮಾತೂ ಶುರುವಾಗುವುದು. ಕಾಗದ, ಪೆನ್ಸಿಲು ತಗೋ ಮಾರಾಯ ಎಂದರೆ ಬೇಜಾರು ಮಾಡಿಕೊಳ್ಳುತ್ತಾರೆ. ಬ್ಲೆಂಡರ್ ಹುಟ್ಟಿದ್ದು 1994ರಲ್ಲಿ, ನೆದರ್ಲೆಂಡ್ಸ್‌ನ ಟಾನ್ ರೂಸೆಂಡಾಲ್ ಅವರ ಸ್ಟುಡಿಯೊದ ಒಳಬಳಕೆಗೆ. ಆಮೇಲೆ ಅದರ ಕಂಪನಿ ಮುಚ್ಚಿದಾಗ, 2002ರಲ್ಲಿ ಬಳಕೆದಾರರೇ ಒಂದು ಲಕ್ಷ ಯೂರೊ ಚಂದಾ ಕೂಡಿಸಿ ಅದನ್ನು ಬಿಡಿಸಿಕೊಂಡು ಎಲ್ಲರಿಗೂ ಮುಕ್ತ ಮಾಡಿದರು. ಇಂದು ಅದಕ್ಕೆ ಒಂದು ಪೈಸೆಯೂ ಕೊಡಬೇಕಿಲ್ಲ.

ಕಲಿಯುವ ದಾರಿ ಪವಾಯಿಯಲ್ಲೇ ಇದೆ. ಐಐಟಿ ಬಾಂಬೆಯ ಪ್ರಾಧ್ಯಾಪಕ ಕಣ್ಣನ್ ಮೌದ್ಗಲ್ಯ ಅವರ ನೇತೃತ್ವದಲ್ಲಿ, ಕೇಂದ್ರ ಶಿಕ್ಷಣ ಸಚಿವಾಲಯದ ನೆರವಿನಿಂದ ನಡೆದ ‘ಸ್ಪೋಕನ್ ಟ್ಯುಟೋರಿಯಲ್’ ಯೋಜನೆ ಮುಕ್ತ ತಂತ್ರಾಂಶಗಳನ್ನು ಹತ್ತು ನಿಮಿಷದ ಆಸುಪಾಸಿನ ಸಣ್ಣ ಪಾಠಗಳಲ್ಲಿ ಕಲಿಸುತ್ತದೆ, ಅದೂ ಹಲವು ಭಾರತೀಯ ಭಾಷೆಗಳಲ್ಲಿ. ಅದು ಪಾಠ ಒದಗಿಸುವ ಭಾಷೆಗಳಲ್ಲಿ ಕನ್ನಡವೂ ಸೇರಿದೆ. ಬ್ಲೆಂಡರ್ ಬಗ್ಗೆಯೂ ಅಲ್ಲಿ ಒಂದು ಪಾಠಮಾಲೆ ಇದೆ. ಅದು 2.59 ಎಂಬ ಹಳೆಯ ಆವೃತ್ತಿಯದು. 2019ರಲ್ಲಿ ಬಂದ 2.80ರಿಂದ ಗುಂಡಿಗಳ ಜಾಗ ಬದಲಾಗಿದೆ. ಮೂಲತತ್ವ ಬದಲಾಗಿಲ್ಲ. ಇನ್ನು ಮಾಡೆಲಿನಿಂದ ಕೊನೆಯ ಚಿತ್ರ ಮೂಡಲು, ಅಂದರೆ ರೆಂಡರ್ ಆಗಲು, ರಾತ್ರಿಯಿಡೀ ಹಿಡಿದರೆ, ಅಪರಿಚಿತರ ಕಂಪ್ಯೂಟರುಗಳು ಸೇರಿ ಪುಕ್ಕಟೆ ರೆಂಡರ್ ಮಾಡಿಕೊಡುವ ಷೀಪ್‌ಇಟ್‌ನಂಥ ವ್ಯವಸ್ಥೆಗಳಿವೆ.

ತಪ್ಪು ಕಲ್ಪನೆ: ಇದು ಕಲಿತರೆ ಸಿನಿಮಾದಲ್ಲಿ ಕೆಲಸ ಖಾಯಂ. ಅಥವಾ ಅದರ ತಿರುಗುಮುರುಗು: ಇದೆಲ್ಲ ಹೊತ್ತುಗಳೆಯುವ ಆಟ.

ವಾಸ್ತವ: ಎರಡೂ ಅಲ್ಲ. ಮುಂಬಯಿ, ಬೆಂಗಳೂರುಗಳಲ್ಲಿ ವಿಎಫ್‌ಎಕ್ಸ್ (ದೃಶ್ಯ ಪರಿಣಾಮಗಳ) ಕೆಲಸ ನಿಜವಾಗಿಯೂ ಇದೆ. ಅದು ಎಷ್ಟು ಅಲುಗಾಡುವ ನೆಲ ಎಂಬುದೂ ನಿಜ. 2025ರ ಫೆಬ್ರವರಿಯಲ್ಲಿ ಫ್ರಾನ್ಸ್ ಮೂಲದ ಟೆಕ್ನಿಕಲರ್ ಸಮೂಹ ಕುಸಿದಾಗ ಬೆಂಗಳೂರಿನ ಅದರ ಸ್ಟುಡಿಯೊಗಳಲ್ಲಿದ್ದ ಸಾವಿರಾರು ಕಲಾವಿದರು ಒಮ್ಮೆಲೇ ಕೆಲಸ ಕಳೆದುಕೊಂಡರು. ಹಾಗಾಗಿ ತಂತ್ರಾಂಶದ ಸರ್ಟಿಫಿಕೇಟನ್ನು ನಂಬಿ ಸಾಲ ಮಾಡಬೇಡಿ.

ಆದರೆ ಈ ಅಭ್ಯಾಸದ ಫಲ ಸಿನಿಮಾಕ್ಕೇ ಸೀಮಿತವಲ್ಲ. 12ನೇ ತರಗತಿಯೊಳಗಿನ ಮಕ್ಕಳಿಗಾಗಿ ನಾಸಾ ಏಮ್ಸ್ 1994ರಲ್ಲಿ ಆರಂಭಿಸಿದ ಬಾಹ್ಯಾಕಾಶ ವಸತಿ ವಿನ್ಯಾಸದ ಸ್ಪರ್ಧೆ ಈಗ ಅಮೆರಿಕದ ನ್ಯಾಷನಲ್ ಸ್ಪೇಸ್ ಸೊಸೈಟಿಯ ಆಶ್ರಯದಲ್ಲಿ, ಓನೀಲ್ ಅವರ ಹೆಸರಿನಲ್ಲಿ ನಡೆಯುತ್ತಿದೆ. ನಮ್ಮ ದೇಶದ ಶಾಲೆಗಳ ಮಕ್ಕಳು ವರ್ಷ ವರ್ಷವೂ ಅದಕ್ಕೆ ಬರೆಯುತ್ತಾರೆ. ಅಲ್ಲಿ ಸಲ್ಲಿಸಬೇಕಾದ್ದು ಒಂದು ವರದಿ: ಗಾಳಿ, ನೀರು, ಆಹಾರ, ಆಡಳಿತ ಎಲ್ಲದರ ಲೆಕ್ಕ. ತ್ರೀಡಿ ಮಾಡೆಲ್ ಆ ಲೆಕ್ಕ ಸರಿಯಿದೆಯೇ ಎಂದು ತಾವೇ ಪರೀಕ್ಷಿಸಿಕೊಳ್ಳುವ ಸಾಧನ.

ತಂದೆತಾಯಿಗಳಲ್ಲಿ ಒಂದು ವಿನಂತಿ. ಮಗನೋ ಮಗಳೋ ಕಂಪ್ಯೂಟರಿನಲ್ಲಿ ಊರು ಕಟ್ಟುತ್ತಾ ಕೂತಿದ್ದರೆ, ಇದರಿಂದ ಸಂಬಳ ಎಷ್ಟು ಬರುತ್ತದೆ ಎಂದು ಕೇಳುವ ಮೊದಲು, ಆ ಊರಿನ ಕೊಳಚೆ ನೀರು ಎಲ್ಲಿಗೆ ಹೋಗುತ್ತದೆ ಎಂದು ಕೇಳಿ. ಉತ್ತರ ಸಿಕ್ಕರೆ ಇನ್ನೊಂದು ಗಂಟೆ ಕೂರಲು ಬಿಡಿ.